ಜಪಾನಿನ ರಾಜರ ಕಾಲೇಜಿಗೆ ಕಾಮಸಮುದ್ರದ ವಂಶವೃಕ್ಷ

ಕಾಲೇಜಿನ ಕಚೇರಿಯಲ್ಲಿ ಕೂತವನಿಗೆ ನಗು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಅದು ತಾನಾಗಿಯೇ ಮೂರು ಜೆರಾಕ್ಸ್ ಪ್ರತಿಗಳ ಸಮೇತ ಮೇಜಿನ ಮೇಲೆ ಬಂದು ಬೀಳುತ್ತದೆ. ನನ್ನ ಕೆಲಸ ಇಷ್ಟೇ: ನಗದೆ ಸೀಲು ಒತ್ತುವುದು.

ಕೆಜಿಎಫ್‌ನ ನಮ್ಮ ಕಾಲೇಜಿಗೆ ಹೋದ ವರ್ಷ ಟೋಕಿಯೊದ ಒಂದು ಖಾಸಗಿ ವಿಶ್ವವಿದ್ಯಾಲಯದಿಂದ ಪತ್ರ ಬಂತು. ಹಿಂದೆ ಅರಸರ, ಸರದಾರರ ಮಕ್ಕಳಿಗೆಂದೇ ತೆರೆದಿದ್ದ ಶಾಲೆಯದು. ಯುದ್ಧ ಮುಗಿದ ಮೇಲೆ ಬಾಗಿಲನ್ನು ಎಲ್ಲರಿಗೂ ತೆರೆದು ವಿಶ್ವವಿದ್ಯಾಲಯವಾಯಿತು. ಈಗಲೂ ಅಲ್ಲಿನ ರಾಜಮನೆತನದ ಮಕ್ಕಳು ಅಲ್ಲಿ ಓದುವುದುಂಟಂತೆ. ಬೇರೆ ಬೇರೆ ಊರುಗಳ ಕಾಲೇಜುಗಳಿಂದ ಅರ್ಜಿ ಕರೆದಿದ್ದರು. ಒಂದು ವರ್ಷದ ಓದು, ಊಟ, ವಸತಿ ಎಲ್ಲ ಅವರದೇ. ಸೀಟು ಮಾತ್ರ ಒಂದೇ.

ನಮ್ಮಲ್ಲಿ ಅರ್ಜಿ ಹಾಕಿದವಳು ಕಾಮಸಮುದ್ರದ ಕಡೆಯ ಹಳ್ಳಿಯೊಂದರ ಗಾರೆ ಮೇಸ್ತ್ರಿಯ ಮಗಳು. ದಿನಾ ಬಂಗಾರಪೇಟೆಯಲ್ಲಿ ಬಸ್ಸು ಬದಲಾಯಿಸಿ ಬರುವವಳು, ಇತಿಹಾಸದಲ್ಲಿ ಎಲ್ಲರಿಗಿಂತ ಮುಂದು. ಈ ಸೀಟು ತಪ್ಪಿದರೆ ಬೇರೊಂದು ಸೀಟು ಅವಳಿಗಾಗಿ ಕಾದಿತ್ತು: ಗಾರ್ಮೆಂಟ್ಸ್ ಕಾರ್ಖಾನೆಯ ಬಸ್ಸಿನಲ್ಲಿ, ಕಿಟಕಿ ಪಕ್ಕ. ಅವಳಮ್ಮ ಮಾತಾಡಿ ಇಟ್ಟಿದ್ದರು.

ಸಂತಾಪ

ಅರ್ಜಿ ಕಳಿಸಿದ ವಾರದಲ್ಲೇ ಟೋಕಿಯೊದಿಂದ ಒಂದು ಪ್ರಶ್ನೆ ಬಂತು. ವಿಳಾಸದಲ್ಲಿ ಚಿನ್ನದ ಗಣಿ ಎಂದಿದೆ. ತಮ್ಮ ಕಾಲೇಜು ಗಣಿಯ ಒಳಗಿದೆಯೇ? ವಿದ್ಯಾರ್ಥಿಗಳ ಸುರಕ್ಷತೆಗೆ ಏನು ವ್ಯವಸ್ಥೆ?

ಕಾಲೇಜು ನೆಲದ ಮೇಲೆಯೇ ಇದೆ, ಗಣಿ ಮುಚ್ಚಿ ಬಹಳ ವರ್ಷಗಳಾದವು ಎಂದು ಬರೆದೆ. ಮರುದಿನವೇ ಉತ್ತರ ಬಂತು: 'ತಮ್ಮ ಗಣಿ ಮುಚ್ಚಿದ ವಿಷಯ ತಿಳಿದು ಅತೀವ ದುಃಖವಾಯಿತು. ದಯವಿಟ್ಟು ನಮ್ಮ ಹೃತ್ಪೂರ್ವಕ ಸಂತಾಪ ಸ್ವೀಕರಿಸಿ.'

ನಮ್ಮ ಅಟೆಂಡರ್ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯವನು. ಅವನ ತಂದೆ, ತಾತ ಇಬ್ಬರೂ ಗಣಿಗೆ ಇಳಿದವರು. ಪತ್ರವನ್ನು ಅವನಿಗೆ ಓದಿ ಹೇಳಿದೆ.

"ಸಾರ್, ಮೈನ್ಸ್ ಕ್ಲೋಸ್ ಆಗಿ ಇಷ್ಟು ವರ್ಷ ಆಯ್ತಲ್ಲ. ಇಲ್ಲಿವರೆಗೂ ಯಾರಾನಾ ಬಂದು ಸಾರಿ ಅಂತ ಒಂದು ಮಾತು ಹೇಳಿದ್ರಾ ನಮಗೆ?"

"ಇಲ್ಲ."

"ಹಂಗಾದ್ರೆ ಇದಕ್ಕೆ ಒಂದು ಪ್ರಿಂಟ್ ಕೊಡಿ ಸಾರ್. ಕಲರ್‌ನಲ್ಲಿ ಕೊಡಿ. ಲೈನ್‌ನಲ್ಲಿ ಎಲ್ಲರಿಗೂ ತೋರಿಸಬೇಕು. ಇಷ್ಟು ದಿನ ಆದಮೇಲೆ ಒಬ್ಬರಾದರೂ ಸಾವಿಗೆ ಬಂದರಲ್ಲ."

ವಂಶವೃಕ್ಷ

ಅರ್ಜಿಯಲ್ಲಿ 'ಕುಟುಂಬದ ವಿವರ' ಎಂದು ಒಂದು ಅಂಕಣವಿತ್ತು. ನಾನು ಅಪ್ಪ, ಅಮ್ಮ, ಒಬ್ಬ ತಮ್ಮ ಎಂದು ತುಂಬಿದ್ದೆ. ಅರ್ಜಿ ಹೋದ ಮೇಲೆ ಅದರ ಪ್ರತಿ ನೋಡಿದ ಪ್ರಿನ್ಸಿಪಾಲರು ಕನ್ನಡಕ ತೆಗೆದರು.

"ಏನ್ರೀ ಇದು? ರಾಜರ ಮಕ್ಕಳು ಓದಿದ ಜಾಗ ಕಣ್ರೀ ಅದು. ಅವರು ಕೇಳ್ತಾ ಇರೋದು ವಂಶ. ನಾಡಕಚೇರಿಯಿಂದ ವಂಶವೃಕ್ಷ ತರೋಕೆ ಹೇಳಿ."

ಮೇಸ್ತ್ರಿ ನಾಡಕಚೇರಿಗೆ ಹೋದ. ಅಲ್ಲಿ ನಡೆದದ್ದನ್ನು ಅವನೇ ನನಗೆ ಹೇಳಿದ.

"ಯಾರು ತೀರ್ಕೊಂಡ್ರು ಅಂತ ಕೇಳಿದ್ರು ಸಾ. ಯಾರೂ ಇಲ್ಲ ಸಾ, ಎಲ್ರೂ ಚೆನ್ನಾಗವ್ರೆ ಅಂದೆ. ಮತ್ತೆ ಯಾವ ಜಮೀನು ಖಾತೆ ಬದಲಾಯಿಸ್ಬೇಕು ಅಂದ್ರು. ಜಮೀನೂ ಇಲ್ಲ ಅಂದೆ. ಸತ್ತೋರಿಲ್ಲ, ಜಮೀನಿಲ್ಲ, ನಿಂಗ್ಯಾಕಯ್ಯ ವಂಶವೃಕ್ಷ ಅಂದ್ರು. ಜಪಾನ್‌ಗೆ ಅಂದೆ. ಅವ್ರು ಪೆನ್ನು ಮುಚ್ಚಿ, ಟೀ ಕುಡಿಯಾಕೆ ಎದ್ದೋದ್ರು."

ಆದರೂ ನಾಡಕಚೇರಿಯಲ್ಲಿ ಅರ್ಜಿ ಸ್ವೀಕಾರವಾಯಿತು, ಸುದ್ದಿಯೂ ಹಳ್ಳಿ ಸೇರಿತು. ಮೂರನೆಯ ದಿನ ಮೇಸ್ತ್ರಿಯ ದಾಯಾದಿಗಳು ಐದು ಜನ ಆಟೋ ಮಾಡಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತರು. ಅವರಲ್ಲಿ ಹಿರಿಯರು ಶುರು ಮಾಡಿದರು.

"ನಮ್ ಎಸ್ರು ಬಿಟ್ಟು ವಂಶವೃಕ್ಷ ಮಾಡಿಸ್ತವ್ನಂತಲ್ಲ ಸಾಮಿ, ನಮ್ ತಮ್ಮ? ಒಬ್ನೇ ನುಂಗಾಕಾ?"

"ನುಂಗೋಕೆ ಏನೂ ಇಲ್ಲ ಯಜಮಾನ್ರೆ. ಮಗಳ ಓದಿಗೆ ಅದು. ಜಪಾನಿನಲ್ಲಿ ಒಂದು ದೊಡ್ಡ ವಿಶ್ವವಿದ್ಯಾಲಯ ಇದೆ, ಅಲ್ಲಿಗೆ."

ಹಿರಿಯರು ಉಳಿದ ನಾಲ್ವರ ಮುಖ ನೋಡಿದರು. ಆಮೇಲೆ ನನ್ನ ಕಡೆಗೆ ಬಗ್ಗಿ, ದನಿ ತಗ್ಗಿಸಿ ಕೇಳಿದರು:

"ಅದ್ಸರಿ ಸಾಮಿ. ಅದು ಎಷ್ಟು ಎಕ್ರೆ ಬತ್ತದೆ?"

ಜಗಳ ಬೇಡವೆಂದು ಎಲ್ಲರ ಹೆಸರನ್ನೂ, ಅವರ ಮಕ್ಕಳು ಮೊಮ್ಮಕ್ಕಳ ಹೆಸರನ್ನೂ ಸೇರಿಸಲಾಯಿತು. ಮೂವತ್ತೆಂಟು ಜನರ ವಂಶವೃಕ್ಷ ಇಂಗ್ಲಿಷಿಗೆ ಅನುವಾದಗೊಂಡು ಟೋಕಿಯೊಗೆ ಹೋಯಿತು. ಅಲ್ಲಿಂದ ಬಹಳ ವಿನಯದ ಉತ್ತರ ಬಂತು: 'ಕ್ಷಮಿಸಬೇಕು, ನಮ್ಮಲ್ಲಿರುವುದು ಒಂದೇ ಸೀಟು. ಈ ಮೂವತ್ತೆಂಟು ಜನರಲ್ಲಿ ಯಾರು ಬರುತ್ತಾರೆ ಎಂದು ದಯವಿಟ್ಟು ಗುರುತು ಮಾಡಿ ಕಳಿಸಿ.'

ಮೂವತ್ತು ಡಿಗ್ರಿ

ಹುಡುಗಿ ಸಂದರ್ಶನಕ್ಕೆ ಆಯ್ಕೆಯಾದಳು. ಸಂದರ್ಶನ ವಿಡಿಯೊದಲ್ಲಿ. ತಯಾರಿ ಮಾಡಿಸಲು ಒಬ್ಬ ನಿವೃತ್ತ ಎಂಜಿನಿಯರ್ ಸಿಕ್ಕರು. ಧಾರವಾಡದ ಕಡೆಯಿಂದ ಇಲ್ಲಿನ ಫ್ಯಾಕ್ಟರಿಗೆ ಕೆಲಸಕ್ಕೆ ಬಂದು, ಇಲ್ಲೇ ಮನೆ ಕಟ್ಟಿಕೊಂಡವರು. ತರುಣರಾಗಿದ್ದಾಗ ಆರು ತಿಂಗಳು ಜಪಾನಿನಲ್ಲಿ ತರಬೇತಿ ಪಡೆದಿದ್ದರು.

ಮೊದಲ ಪಾಠ ನಮಸ್ಕಾರದ್ದು. "ನೋಡ ತಂಗಿ, ಸರೀಕರಿಗೆ ಹದಿನೈದು ಡಿಗ್ರಿ ಬಾಗಬೇಕು, ಹಿರಿಯರಿಗೆ ಮೂವತ್ತು. ತಪ್ಪಾಗಿ ಕ್ಷಮಾ ಕೇಳೂದಿದ್ರ ನಲವತ್ತೈದು."

ಮರುದಿನ ಮೇಸ್ತ್ರಿ ಕೆಲಸಕ್ಕೆ ಹೋಗದೆ, ಗೋಡೆಯ ಮೂಲೆ ಅಳೆಯುವ ಮೂಲೆಮಟ್ಟವನ್ನು ಕಂಕುಳಲ್ಲಿಟ್ಟುಕೊಂಡು ಕಾಲೇಜಿಗೆ ಬಂದ. ಮಗಳನ್ನು ಗೋಡೆಗೆ ಪಕ್ಕವಾಗಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಅಳತೆ ನೋಡತೊಡಗಿದ. "ಇನ್ನೊಂಚೂರು ಬಗ್ಗಮ್ಮಿ. ಸಾಕು, ಸಾಕು. ಶೀಟ್ ಮನೆ ಇಳಿಜಾರು ಬಂತು ನೋಡಿ ಸಾ, ನೀರು ಸಲೀಸಾಗಿ ಅರೀತದೆ."

ಆಗ ಪ್ರಿನ್ಸಿಪಾಲರು ಒಳಗೆ ಬಂದರು. ಜೇಬಿನಿಂದ ಪೆನ್ನು ಬಿತ್ತು. ಎತ್ತಿಕೊಳ್ಳಲು ಬಗ್ಗಿದರು. ಮೇಸ್ತ್ರಿ ಮೂಲೆಮಟ್ಟವನ್ನು ದೂರದಿಂದಲೇ ಅವರ ಬೆನ್ನಿಗೆ ಹಿಡಿದು ನೋಡಿ, ಗಾಬರಿಯಿಂದ ನನ್ನನ್ನು ಕೇಳಿದ:

"ನಲವತ್ತೈದು ಐತೆ. ಏನ್ ತಪ್ಪು ಮಾಡಿದ್ರು ಸಾ?"

ಹ

ಸಂದರ್ಶನ ಇಂಗ್ಲಿಷಿನಲ್ಲಿ, ಕೊನೆಯ ಒಂದೆರಡು ಪ್ರಶ್ನೆ ಜಪಾನಿಯಲ್ಲಿ ಎಂದು ತಿಳಿಸಿದ್ದರು. ಎಂಜಿನಿಯರರು ಹುಡುಗಿಗೆ ಒಂದು ಉಪಾಯ ಹೇಳಿಕೊಟ್ಟರು. ಜಪಾನಿಯಲ್ಲಿ ಹೌದು ಅನ್ನಲು 'ಹೈ' ಅನ್ನುತ್ತಾರೆ. ಏನು ಕೇಳಿದರೂ ತಲೆಬಾಗಿಸಿ 'ಹೈ' ಅಂದುಬಿಟ್ಟರೆ ಸಾಕು, ಬಚಾವು.

ತೊಂದರೆ ಒಂದೇ. ಕಾಮಸಮುದ್ರದ ಕಡೆ ಹಕಾರದ ಬಳಕೆ ಇಲ್ಲ.

"ಹೈ ಅನ್ನವಾ ತಂಗಿ."

"ಐ."

"ಐ ಅಲ್ಲ, ಹೈ. ಉಸುರು ಬಿಡು. ಹ... ಹ..."

"ಅ... ಅ..."

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿಗೆ ಸಿಟ್ಟು ಬಂತು. "ಅವ್ಳು ಅಂಗೇ ಅಂತವ್ಳಲ್ಲ ಸಾ? ಇನ್ನೆಂಗನ್ಬೇಕು?"

ಎಂಟು ದಿನ ಹೀಗೇ ನಡೆಯಿತು. ಕೊನೆಗೆ ಬಂತು. ಅವಳ 'ಹೈ' ಮೇಜಿನ ಮೇಲಿನ ಕಾಗದ ಹಾರಿಸುವಷ್ಟು ಗಟ್ಟಿಯಾಯಿತು.

ಸಂದರ್ಶನದ ದಿನ ಪರದೆಯಲ್ಲಿ ಮೂವರು ಪ್ರಾಧ್ಯಾಪಕರು. ನಡುವೆ ಕೂತವರು ಬಿಳಿ ಕೂದಲಿನ ಹಿರಿಯರು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಂಗ್ಲಿಷ್ ಪ್ರಶ್ನೆಗಳಿಗೆ ಹುಡುಗಿ ಚೆನ್ನಾಗಿಯೇ ಉತ್ತರಿಸಿದಳು. ಆಮೇಲೆ ಆ ಹಿರಿಯರು ಜಪಾನಿಯಲ್ಲಿ ಒಂದು ಉದ್ದನೆಯ ಪ್ರಶ್ನೆ ಕೇಳಿದರು. ಅವಳಿಗೆ ಒಂದು ಪದವೂ ಅರ್ಥವಾಗಲಿಲ್ಲ. ಮೂವತ್ತು ಡಿಗ್ರಿ ಬಾಗಿದಳು. ಬಾಗುವಷ್ಟರಲ್ಲಿ ಎಂಟು ದಿನದ ಉಸಿರು ಆರಿಹೋಗಿತ್ತು.

"ಐ," ಅಂದಳು.

ಕ್ಯಾಮೆರಾಕ್ಕೆ ಕಾಣದಂತೆ ಮೂಲೆಯಲ್ಲಿ ಕೂತಿದ್ದ ಎಂಜಿನಿಯರರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಹಿರಿಯ ಪ್ರಾಧ್ಯಾಪಕರು ಅವಳನ್ನೇ ನೋಡಿ, ನಿಧಾನವಾಗಿ ಏನೋ ಬರೆದುಕೊಂಡರು. ಸಂದರ್ಶನ ಮುಗಿಯಿತು.

"ಏನಾಯ್ತು ಸಾರ್?" ಎಂದು ಕೇಳಿದೆ.

"ಎಲ್ಲಾ ಮುಗೀತ್ರಿ," ಅಂದರು ಎಂಜಿನಿಯರರು. "ಇಷ್ಟ ದೇಶ ಇರೂವಾಗ ನಮ್ಮ ವಿಶ್ವವಿದ್ಯಾಲಯಕ್ಕ ಯಾಕ ಬರಬೇಕು ಅಂತೀ ಅಂತ ಕೇಳಿದ್ರು. ಹೈ ಅಂದಿದ್ರ ಪೆದ್ದಿ ಅಂತ ಬಿಡತಿದ್ರು. ಐ ಅಂದ್ರ ಅವರ ಭಾಷಾದಾಗ ಪ್ರೀತಿ ಅಂತ ಅರ್ಥರೀ."

ಹುಡುಗಿ ಅಂದು ಮೊದಲು ಸಿಕ್ಕ ಬಸ್ಸು ಹತ್ತಿ ಮನೆಗೆ ಹೋದಳು. ಅವಳಮ್ಮ ಗಾರ್ಮೆಂಟ್ಸ್‌ನವರಿಗೆ ಫೋನು ಮಾಡಿ, ಸೋಮವಾರದಿಂದ ಬರುತ್ತಾಳೆ ಎಂದರಂತೆ.

ಶುಕ್ರವಾರ ಪತ್ರ ಬಂತು. 'ಎಲ್ಲ ಅಭ್ಯರ್ಥಿಗಳೂ ನಮ್ಮ ಇತಿಹಾಸ, ಘನತೆ, ಗ್ರಂಥಾಲಯಗಳ ಬಗ್ಗೆ ದೀರ್ಘವಾಗಿ ಮಾತಾಡಿದರು. ಒಬ್ಬಳು ಮಾತ್ರ ತಲೆಬಾಗಿ ಒಂದೇ ಪದ ಹೇಳಿದಳು. ಸೀಟು ಅವಳಿಗೆ.'

ಹುಡುಗಿ ಹೋದಳು. ಪ್ರಿನ್ಸಿಪಾಲರು ಕೂಡಲೇ ಸುತ್ತೋಲೆ ಹೊರಡಿಸಿದರು: ಮುಂದಿನ ವರ್ಷ ಅರ್ಜಿ ಹಾಕುವವರು ಹಕಾರ ಬಿಟ್ಟು ಮಾತಾಡುವುದನ್ನು ಕಲಿಯತಕ್ಕದ್ದು; ಪಾಠ ಮಾಡುವವರು ಅದೇ ಎಂಜಿನಿಯರರು. ಅವರಿಗೋ ಆಜನ್ಮ ಹಕಾರ. ಏನು ಮಾಡಿದರೂ ಬಿಡಲು ಬರುತ್ತಿಲ್ಲ. ಹಾಗಾಗಿ ಈಗ ವಾರಕ್ಕೆ ಎರಡು ದಿನ, ಗಾರೆ ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡು ಮೇಸ್ತ್ರಿಯೇ ಬಂದು ಅವರಿಗೆ ಪಾಠ ಹೇಳುತ್ತಾನೆ. ನಿನ್ನೆಯೂ ಬಾಗಿಲಾಚೆಯಿಂದ ಕೇಳಿಸುತ್ತಿತ್ತು.

"ಏಳಿ ಸಾ, ಐ."

"ಹೈ."

"ಉಸ್ರು ಬಿಡ್ಬೇಡಿ ಸಾ. ಬಿಗಿ ಇಡ್ಕೊಳ್ಳಿ. ಐ."

"ಹ್ಹೈ."

"ಓಗ್ಲಿ ಬಿಡಿ ಸಾ," ಅಂದ ಮೇಸ್ತ್ರಿ. "ಇದೆಲ್ಲ ವಂಶದಲ್ಲೇ ಬರ್ಬೇಕು."