ಎಂಬತ್ತರ ದಶಕ ಬಂತಾ?

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ, ಎರಡನೆಯ ಇಡ್ಲಿಗೂ ಮೂರನೆಯ ಇಡ್ಲಿಗೂ ನಡುವೆ, ವಿದ್ಯಾರಣ್ಯಪುರದ ತಮ್ಮ ಮನೆಯ ಹಾಲ್‌ನಲ್ಲಿ ನಂದಕುಮಾರರು ಘೋಷಿಸಿದರು: "ಬೆಳೆದ್ರೆ ಎಂಬತ್ತರ ದಶಕದಲ್ಲಿ ಬೆಳೀಬೇಕು. ಮಿಕ್ಕ ದಶಕದೋರೆಲ್ಲ ಬೆಳೆದಿಲ್ಲ, ಸುಮ್ನೆ ಉದ್ದ ಆಗಿದಾರೆ, ಅಷ್ಟೇ!"

ನಂದಕುಮಾರರಿಗೆ ಈಗ ಐವತ್ತೆರಡು. ಮತ್ತಿಕೆರೆಯ ಕಾಲೇಜೊಂದರ ಆಫೀಸಿನಲ್ಲಿ ಸೂಪರಿಂಟೆಂಡೆಂಟ್. ಇಂಥ ಘೋಷಣೆಗಳನ್ನು ಆಫೀಸಿನಲ್ಲಿ ಮಾಡುವಂತಿಲ್ಲ; ಅಲ್ಲಿ ಎಪ್ಪತ್ತರ ದಶಕದಲ್ಲಿ ಬೆಳೆದ ಮೇಲಧಿಕಾರಿಯೊಬ್ಬರು ಇದ್ದಾರೆ. ಹಾಗಾಗಿ ವಾರವಿಡೀ ಕೂಡಿಟ್ಟದ್ದೆಲ್ಲ ಭಾನುವಾರ ಮನೆಯವರ ಮೇಲೆ ಬೀಳುತ್ತಿತ್ತು.

"ತೊಂಬತ್ತರ ದಶಕಕ್ಕೆ ಏನ್ರೀ ಕಮ್ಮಿಯಾಗಿತ್ತು?" ಎಂದರು ಹೆಂಡತಿ ವನಿತಾ. ಅವರು ನಾಗಸಂದ್ರದಲ್ಲಿ ತೊಂಬತ್ತರ ದಶಕದಲ್ಲಿ ಬೆಳೆದವರು.

"ನಿಮ್ಮದು ಕೇಬಲ್ ದಶಕ ಕಣೇ. ಗುಂಡಿ ಒತ್ತಿದ್ರೆ ಚಿತ್ರ ಬರ್ತಿತ್ತು. ಅದೂ ಒಂದು ಬರೋದಾ? ನಮ್ಮ ಕಾಲದಲ್ಲಿ ಆಂಟೆನಾ ತಿರುಗಿಸಿ, ಆಕಾಶದಿಂದ ಇಳಿಸ್ಕೋಬೇಕಿತ್ತು!"

"ಅಪ್ಪ, ಬೆಳಿಗ್ಗೆಯಿಂದ 'ನಮ್ಮ ಕಾಲದಲ್ಲಿ' ಅಂತ ಹನ್ನೊಂದು ಸಲ ಆಯ್ತು" ಎಂದಳು ಸೆಕೆಂಡ್ ಪಿಯು ಓದುವ ಮಗಳು ಸ್ನೇಹಾ, ಮೊಬೈಲಿನಿಂದ ತಲೆ ಎತ್ತದೆ. "ಹಲ್ಲುಜ್ಜುವಾಗ ಹೇಳಿದ್ದು ಸೇರಿಸಿಲ್ಲ. ನೊರೆ ಇತ್ತು, ಸರಿಯಾಗಿ ಕೇಳಿಸ್ಲಿಲ್ಲ."

ಮಾತಿಗೆ ಮಾತು ಬೆಳೆದು ಅಟ್ಟದವರೆಗೆ ಹೋಯಿತು. ಅಟ್ಟದ ಮೇಲೆ ಒಂದು ಹಳೆಯ ಕಪ್ಪು-ಬಿಳುಪು ಟೀವಿ ಇತ್ತು. ಮರದ ಪೆಟ್ಟಿಗೆ, ಎಳೆದು ಮುಚ್ಚುವ ಮರದ ಬಾಗಿಲು, ಬಾಗಿಲಿಗೊಂದು ಬೀಗ. ಮತ್ತಿಕೆರೆಯ ಅವರ ಬೀದಿಗೆಲ್ಲ ಮೊದಲ ಟೀವಿ ಅದು. ಬೀಗದ ಕೈ ನಂದಕುಮಾರರ ತಂದೆ ಮುನಿಯಲ್ಲಪ್ಪನವರ ಉಡಿದಾರದಲ್ಲಿ ನೇತಾಡುತ್ತಿತ್ತು. ತಂದೆ ತೀರಿಕೊಂಡ ಮೇಲೆ ಬೀಗದ ಕೈ ನಂದಕುಮಾರರ ಪರ್ಸಿಗೆ ಬಂದಿತ್ತು. ಆ ಪೆಟ್ಟಿಗೆಯನ್ನು ಮುಟ್ಟಿದಾಗಲೆಲ್ಲ ಅವರಿಗೆ ಅಪ್ಪನ ನೆನಪು ಬರುತ್ತಿತ್ತು. ವನಿತಾಗೆ ಧೂಳಿನಿಂದ ಸೀನು ಬರುತ್ತಿತ್ತು.

"ಒಂದು ಮಾತು ಆಗ್ಲಿ" ಎಂದರು ವನಿತಾ. "ಇವತ್ತು ಸಾಯಂಕಾಲ ಐದರೊಳಗೆ ಆ ಟೀವಿಲಿ ಒಂದು ಚಿತ್ರ ತರಿಸಿ. ಬಂದ್ರೆ ಎಂಬತ್ತರ ದಶಕವೇ ದೊಡ್ಡದು ಅಂತ ಒಪ್ಕೋತೀನಿ, ಟೀವಿ ಹಾಲ್‌ನಲ್ಲೇ ಇರ್ಲಿ. ಬರ್ಲಿಲ್ಲ ಅಂದ್ರೆ ಅದು ಗುಜರಿಗೆ. ಆಮೇಲೆ 'ನಮ್ಮ ಕಾಲದಲ್ಲಿ' ಅನ್ನೋ ಮಾತು ಈ ಮನೇಲಿ ಕೇಳಿಸ್ಬಾರ್ದು."

"ಒಪ್ಪಿದೆ!" ಎಂದು ನಂದಕುಮಾರರು ಎದೆ ತಟ್ಟಿಕೊಂಡರು. ತಟ್ಟಿಕೊಳ್ಳಲು ಕಾರಣವಿತ್ತು. ಶುಕ್ರವಾರವೇ ಆರ್.ಟಿ. ನಗರದಿಂದ ಜೀಷಾನ್ ಎಂಬ ಹಳೆಯ ಟೀವಿ ಮೆಕ್ಯಾನಿಕ್‌ನನ್ನು ಗುಟ್ಟಾಗಿ ಕರೆಸಿ ಸೆಟ್ಟನ್ನು ರಿಪೇರಿ ಮಾಡಿಸಿದ್ದರು. ಜೀಷಾನ್ ಹೊರಡುವಾಗ, "ಸೆಟ್ ಆನ್ ಆಗತ್ತೆ ಸಾರ್. ಆದ್ರೆ ಒಂದು ಮಾತು..." ಎಂದಿದ್ದ. "ಗೊತ್ತು ಬಿಡಪ್ಪ, ಆಂಟೆನಾ ತಿರುಗಿಸೋದ್ರಲ್ಲಿ ನಾನು ಹುಟ್ಟಾ ಪಂಡಿತ" ಎಂದರು ಇವರು. ಅವನು ಗೇಟಿನ ಹತ್ತಿರ ಇನ್ನೊಮ್ಮೆ "ಸಾರ್, ಆ ಮಾತು..." ಎಂದ. ಇವರು ಗೇಟು ಹಾಕಿಕೊಂಡರು.

ಹನ್ನೊಂದು ಗಂಟೆಗೆ ಅಕ್ಕ ರಾಧಾಮಣಿ ಊಟಕ್ಕೆಂದು ಮತ್ತಿಕೆರೆಯಿಂದ ಬಂದಿಳಿದರು. ಅವರನ್ನು ಚಪ್ಪಲಿ ಬಿಡುವ ಮೊದಲೇ, ಅಟ್ಟದಿಂದ ಹಾಲ್‌ಗೆ ಇಳಿಸಿದ್ದ ಟೀವಿಯ ಮುಂದೆ ಕೂರಿಸಲಾಯಿತು. ಮೆಟ್ಟಿಲ ತಿರುವಿನಲ್ಲಿ ಸ್ನೇಹಾ. ಮಹಡಿಯ ಮೇಲೆ ನಂದಕುಮಾರರು. ಎಂಬತ್ತರ ದಶಕದ ವ್ಯೂಹವೇ ಇದು: ಒಬ್ಬರು ತಿರುಗಿಸಬೇಕು, ಒಬ್ಬರು ಕೂಗಬೇಕು, ಒಬ್ಬರು ನೋಡಬೇಕು.

ಹಳೆಯ ಆಂಟೆನಾ ಮಹಡಿಯ ಮೂಲೆಯಲ್ಲೇ ಇತ್ತು. ಅದರ ಮೇಲೆ ವನಿತಾ ಹಾಗಲ ಬಳ್ಳಿ ಹಬ್ಬಿಸಿದ್ದರು. ಆಂಟೆನಾಕ್ಕೆ ಬಿಡುಗಡೆ ಸಿಕ್ಕಿತು, ಬಳ್ಳಿಗೆ ಮೋಕ್ಷ ಸಿಕ್ಕಿತು, ಮೂರು ಎಳೆಯ ಹಾಗಲಕಾಯಿ ಕೆಳಗೆ ವನಿತಾ ಮುಂದೆಯೇ ಬಿದ್ದವು. ವನಿತಾ ಅವನ್ನು ಎತ್ತಿಕೊಂಡು ಒಳಗೆ ಹೋದರು. ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ.

"ಬಂತಾ?" ಎಂದು ಕೂಗಿದರು ನಂದಕುಮಾರರು.

"ಬಂತಾ ಅತ್ತೆ?" ಎಂದಳು ಸ್ನೇಹಾ.

"ಇಲ್ಲ" ಎಂದರು ರಾಧಾಮಣಿ.

"ಇಲ್ವಂತೆ!"

ಆಂಟೆನಾ ಯಲಹಂಕದ ಕಡೆ ತಿರುಗಿತು, ಯಶವಂತಪುರದ ಕಡೆ ತಿರುಗಿತು. ಹೆಬ್ಬಾಳದ ಕಡೆ ತಿರುಗಿದಾಗ ಪರದೆಯ ಮೇಲೆ ಎರಡು ಬಿಳಿ ಪಟ್ಟಿಗಳು ಓಡಿದವು. ರಾಧಾಮಣಿ ಕುಳಿತಲ್ಲೇ ಹಾರಿ, "ಬಂತು!" ಎಂದರು.

"ಬಂತು! ಬಂತು! ಬಂತು!" ಎಂದು ಕಿರುಚಿದಳು ಸ್ನೇಹಾ. ಹುಡುಗಿ ಕಾಲೇಜಿನ ಕಬಡ್ಡಿ ತಂಡದವಳು. ಕಂಠ ಬೀದಿಯ ಕೊನೆಯವರೆಗೆ ಮುಟ್ಟಿತು.

ಇಲ್ಲೊಂದು ವಿಷಯ ಹೇಳಬೇಕು. ಆ ಬೀದಿಗೆ ಕಾವೇರಿ ನೀರು ಬರುವುದು ಮೂರು ದಿನಕ್ಕೊಮ್ಮೆ. ಆ ಭಾನುವಾರ ನೀರಿನ ದಿನ. ಎಷ್ಟು ಗಂಟೆಗೆ ಎನ್ನುವುದು ನೀರು ಬಿಡುವವನ ಮರ್ಜಿ. ತಾನಾಗಿ ಮೇಲೇರುವಷ್ಟು ರಭಸ ಆ ನೀರಿಗಿಲ್ಲ. ಬಂದ ತಕ್ಷಣ ಮೋಟರ್ ಹಾಕಿ ಎಳೆಯಬೇಕು. ಇದು ಕಾನೂನಿಗೆ ಸರಿಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮೊದಲು ನೋಡಿದವರು "ಬಂತು!" ಎಂದು ಕೂಗುವುದು, ಮಿಕ್ಕವರು ಮೋಟರಿಗೆ ಓಡುವುದು, ಇದೊಂದೇ ಆ ಬೀದಿಯ ಒಗ್ಗಟ್ಟು.

ಇಪ್ಪತ್ತು ಮನೆಗಳಲ್ಲಿ ಇಪ್ಪತ್ತು ಮೋಟರ್ ಒಮ್ಮೆಗೇ ಗುರುಗುಟ್ಟಿದವು. ಎದುರುಮನೆಯ ನರಸಿಂಹಯ್ಯನವರ ಮೋಟರ್ ಹತ್ತು ನಿಮಿಷ ಬರೀ ಗಾಳಿ ಕುಡಿದು, ಸುಟ್ಟ ವಾಸನೆ ಬಿಟ್ಟು, ಸುಮ್ಮನಾಯಿತು.

ಅಷ್ಟರಲ್ಲಿ ಬಿಳಿ ಪಟ್ಟಿಗಳು ಮಾಯವಾದವು.

"ಹೋಯ್ತು!" ಎಂದರು ರಾಧಾಮಣಿ.

"ಅಯ್ಯೋ, ಹೋಯ್ತು! ಹೋಗೇಬಿಡ್ತು!" ಎಂದಳು ಸ್ನೇಹಾ, ನಿಜವಾದ ದುಃಖದಿಂದ.

ಇಲ್ಲಿ ಇನ್ನೊಂದು ವಿಷಯ. ನರಸಿಂಹಯ್ಯನವರ ತಾಯಿ ಅಕ್ಕಯ್ಯಮ್ಮನಿಗೆ ತೊಂಬತ್ತೊಂದು ವಯಸ್ಸು. ಹಿಂದಿನ ವಾರವಷ್ಟೇ ಆಸ್ಪತ್ರೆಯಿಂದ ಬಂದಿದ್ದರು. ಆ ಕಡೆಯ ಹಳೆಯ ಊರಿನವರು ಹಿರಿಯರನ್ನು ಸಲಿಗೆಯಿಂದ 'ಅದು' ಎನ್ನುತ್ತಾರೆ. ಅಜ್ಜಿ ಊಟ ಮಾಡ್ತು, ಅಜ್ಜಿ ಮಲಗ್ತು. ಹಾಗಿರುವಾಗ "ಅಯ್ಯೋ, ಹೋಯ್ತು" ಎಂದರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೀದಿಯ ಮೂಲೆಯಲ್ಲಿ ಹೂವು ಮಾರುವ ಮುನಿಯಲ್ಲಮ್ಮ ಕಣ್ಣೊರೆಸಿಕೊಂಡು, ಇದ್ದುದರಲ್ಲಿ ದೊಡ್ಡ ಸೇವಂತಿಗೆ ಹಾರ ಹಿಡಿದು ಓಡಿಬಂದಳು.

ಅಕ್ಕಯ್ಯಮ್ಮ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಬಿಸಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಯಾರಿಗಮ್ಮ ಆರ?"

ಮುನಿಯಲ್ಲಮ್ಮನಿಗೆ ಸುಳ್ಳು ಹೊಳೆಯಲಿಲ್ಲ. "ನಿಮ್ಗೇ ಅಜ್ಜಿ."

"ನಂಗಾ? ಯಾಕೆ, ಇವತ್ತು ಅಬ್ಬನಾ?"

"ಹೂಂ... ಅಂಗೇ ಅನ್ಕೊಳ್ಳಿ."

ಅಕ್ಕಯ್ಯಮ್ಮ ಕತ್ತು ಬಗ್ಗಿಸಿದರು. ಹಾರ ಬಿತ್ತು. ಅವರು ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದರು.

ಅರ್ಧ ಗಂಟೆಯಲ್ಲಿ ಬೀದಿಯೇ ನಂದಕುಮಾರರ ಗೇಟಿನ ಮುಂದೆ ಸೇರಿತು. ಮುಂದೆ ನರಸಿಂಹಯ್ಯನವರು. "ಒಂದೇ ಕೂಗಿಗೆ ನನ್ ಮೋಟರೂ ಹೋಯ್ತು, ನಮ್ಮಮ್ಮನೂ ಹೋಯ್ತು ಅಂತಾಯ್ತಲ್ರೀ! ಇನ್ಮೇಲೆ ನಿಮ್ಮನೆಯೋರು ಬಂತು ಅಂದ್ರೆ ನಾವ್ಯಾರೂ ನಂಬಲ್ಲ. ತಿಳೀತಾ?"

ವನಿತಾ ಎಲ್ಲರಿಗೂ ಕೈ ಮುಗಿದು ಕಳಿಸಿ, ಮಹಡಿಯತ್ತ ಮುಖವೆತ್ತಿದರು. "ರೀ, ಬೇರೆ ಏನಾದ್ರೂ ಕೂಗ್ಕೊಳ್ರೀ!"

"ಬೇರೆ ಏನ್ ಕೂಗ್ಲಿ? ಎಂಬತ್ತರ ದಶಕ ಪೂರ್ತಿ ಆ ಎರಡು ಪದದಲ್ಲೇ ನಡೀತು!"

ಮುದ್ದೆ, ಅವರೆಕಾಳಿನ ಸಾರಿನ ಊಟವಾಯಿತು. ಗಂಟಲು ಕಟ್ಟಿದೆಯೆಂದು ಸ್ನೇಹಾ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ರಾಧಾಮಣಿ ಟೀವಿಯ ಮುಂದೆಯೇ ಕುಳಿತಿದ್ದರು, ಆದರೆ ಕಣ್ಣು ಮುಚ್ಚಿತ್ತು. ಮೂರೂವರೆಯಾಯಿತು. ನಂದಕುಮಾರರಿಗೆ ಭಯ ಶುರುವಾಯಿತು. ಇನ್ನು ಒಂದೂವರೆ ಗಂಟೆ. ಆಮೇಲೆ ಅಪ್ಪನ ಟೀವಿ ಗುಜರಿ ಗಾಡಿ ಹತ್ತುತ್ತದೆ. ಉಡಿದಾರ ಸರಿಸಿಕೊಂಡು ಅಪ್ಪ ಬೀಗ ತೆಗೆಯುತ್ತಿದ್ದದ್ದು, ಬೀದಿಯ ಮಕ್ಕಳೆಲ್ಲ ನೆಲದ ಮೇಲೆ ಸಾಲಾಗಿ ಕೂರುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಅವರು ನೀರಿನ ಟ್ಯಾಂಕಿನ ಕಟ್ಟೆಯ ಮೇಲೊಂದು ಕಾಲು, ಮಹಡಿಯ ಗೋಡೆಯ ಮೇಲೊಂದು ಕಾಲು ಇಟ್ಟು, ಕಂಬವನ್ನು ಕೂದಲೆಳೆಯಷ್ಟು ತಿರುಗಿಸಿದರು.

ಆಗ ಕೆಳಗಿನಿಂದ ವನಿತಾ ಧ್ವನಿ ಬಂತು. "ಬಂತು ರೀ! ಬಂತೂ!"

ನಂದಕುಮಾರರು ಕಲ್ಲಾದರು. ಉಸಿರು ಬಿಟ್ಟರೂ ಚಿತ್ರ ಹೋದೀತು!

"ನಿಜವಾಗ್ಲೂ ಬಂತಾ?"

"ಬಂತು ಅಂದ್ನಲ್ಲ! ಹಾಕಿ! ಹಾಕಿ ರೀ!"

ಹಾಕಿ! ನಂದಕುಮಾರರ ಮೈ ಜುಮ್ಮೆಂದಿತು. ಬರೀ ಚಿತ್ರವಲ್ಲ, ಹಾಕಿ ಮ್ಯಾಚು! ಎಂಬತ್ತರ ದಶಕ ತನ್ನ ಹಾಕಿ ಸಮೇತ ಇಳಿದು ಬಂದಿತ್ತು.

"ಚೆನ್ನಾಗಿ ಬರ್ತಿದೆಯಾ?"

"ಜೋರಾಗಿ ಬರ್ತಿದೆ! ಹಾಕಿ, ಬೇಗ!"

ಹೌದು, ಆಗಿನ ಹಾಕಿ ಬಲು ಬೇಗ. ನಂದಕುಮಾರರ ಕಣ್ಣಲ್ಲಿ ನೀರಾಡಿತು. "ಗೊತ್ತಾಯ್ತು ಕಣೇ! ಇಲ್ಲಿ ನಾನು ನೋಡ್ಕೋತೀನಿ, ನೀನು ಒಳಗೆ ಹೋಗು!"

ವನಿತಾ ನಿಶ್ಚಿಂತರಾಗಿ ಒಳಗೆ ಹೋದರು. ಆ ಮನೆಯ ಮೋಟರಿನ ಸ್ವಿಚ್ ಇರುವುದು ಮಹಡಿಯ ಮೇಲೆ. ಟ್ಯಾಂಕ್ ತುಂಬಿದ್ದು ಕಣ್ಣಿಗೆ ಕಾಣಬೇಕೆಂದು ನಂದಕುಮಾರರೇ ಹಟ ಹಿಡಿದು ಅಲ್ಲಿ ಹಾಕಿಸಿದ್ದರು. ಈಗ ಅದು ಅವರ ಬಲಗೈಯಿಂದ ಎರಡಡಿ ದೂರದಲ್ಲಿತ್ತು.

ನಲವತ್ತು ನಿಮಿಷ ಅವರು ಹಾಗೇ ನಿಂತಿದ್ದರು. ಸೊಂಟ ಹಿಡಿಯಿತು. ಮೂಗಿನ ಮೇಲೆ ನೊಣ ಕೂತಿತು, ಎದ್ದಿತು, ಮತ್ತೆ ಕೂತಿತು. ಬೀದಿಯಲ್ಲಿ ಒಂದೇ ಒಂದು ಮೋಟರಿನ ಸದ್ದಿರಲಿಲ್ಲ. ವನಿತಾ ಕೂಗಿದ್ದು ಎಲ್ಲರಿಗೂ ಕೇಳಿಸಿತ್ತು. ಎಲ್ಲರೂ ನಕ್ಕು ಮಗ್ಗುಲು ಬದಲಿಸಿದ್ದರು. ನಂದಕುಮಾರರಿಗೆ ಮಾತ್ರ ಹನ್ನೆರಡು ವರ್ಷದ ಹುಡುಗನಾದಷ್ಟು ಸಂತೋಷವಾಗಿತ್ತು.

"ಹೋಯ್ತು!" ಎಂದರು ವನಿತಾ ಕೆಳಗಿನಿಂದ.

ನಂದಕುಮಾರರು ಕುಂಟುತ್ತಾ ಮೆಟ್ಟಿಲಿಳಿದು ಹಾಲ್‌ಗೆ ಬಂದರು. "ಯಾರು ಗೆದ್ರು?"

"ಹಾಕಿದ್ರಾ?" ಎಂದರು ವನಿತಾ.

"ಹಾಕಿನೇ ಕಣೇ, ಅದನ್ನೇ ಕೇಳ್ತಿರೋದು. ಯಾರು ಗೆದ್ರು?"

"ಮೋಟರ್ ಹಾಕಿದ್ರಾ ಅಂತ ನಾನು ಕೇಳ್ತಿರೋದು."

ನಂದಕುಮಾರರು ಟೀವಿಯತ್ತ ತಿರುಗಿದರು. ಅದು 'ಸ್ಸ್ಸ್' ಎನ್ನುತ್ತಿತ್ತು. ಪರದೆಯ ತುಂಬ ಚುಕ್ಕಿಗಳು. ಇವರ ಮಾತಿನ ಸದ್ದಿಗೆ ರಾಧಾಮಣಿ ಎಚ್ಚರಗೊಂಡು, "ಇಲ್ಲ, ಇನ್ನೂ ಬಂದಿಲ್ಲ" ಎಂದರು.

ಸ್ನೇಹಾ ಮೊಬೈಲ್ ಹಿಡಿದು ಹೊರಬಂದಳು. "ಅಪ್ಪ, ಈಗ ನೋಡ್ದೆ. ಆಂಟೆನಾಗೆ ಬರ್ತಿದ್ದ ಆ ಹಳೇ ಸಿಗ್ನಲ್ ಬಿಡೋದನ್ನ ನಿಲ್ಸಿ ವರ್ಷಗಳೇ ಆಯ್ತಂತೆ. ನೀನು ತಿಂಗಳುಗಟ್ಲೆ ತಿರುಗಿಸಿದ್ರೂ ಬರಲ್ಲ."

ನಂದಕುಮಾರರು ಜೀಷಾನ್‌ಗೆ ಫೋನ್ ಮಾಡಿದರು. "ಆ ಒಂದು ಮಾತು ಏನಪ್ಪಾ?"

"ಅದೇ ಸಾರ್" ಎಂದ ಜೀಷಾನ್.

ನಂದಕುಮಾರರು ಕುರ್ಚಿಯಲ್ಲಿ ಕುಸಿದರು. ಸೋತವರ ಕೊನೆಯ ಬಲದಿಂದ ಅಕ್ಕನ ಕಡೆ ತಿರುಗಿದರು. "ಈಗ ಬರ್ದೇ ಇದ್ರೆ ಹೋಗ್ಲಿ. ಆಗ ಬರ್ತಿತ್ತಲ್ಲ ಅಕ್ಕ. ನಾನು ತಿರುಗಿಸಿದ್ದಕ್ಕೇ ಬರ್ತಿತ್ತು. ಹೇಳು ಇವಳಿಗೆ."

"ಬರ್ತಿತ್ತು ಕಣೋ. ಮೊದಲ್ನೇ ಸಲ ತಿರುಗಿಸಿದಾಗ್ಲೇ ಬಂದ್ಬಿಡ್ತಿತ್ತು."

"ಮತ್ತೆ ಸಿನಿಮಾ ಮುಗಿಯೋ ತನಕ ಬರ್ಲಿಲ್ಲ, ಬರ್ಲಿಲ್ಲ ಅಂತಿದ್ರಿ?"

ರಾಧಾಮಣಿ ಸೆರಗಿನ ಅಂಚನ್ನು ನೋಡಿಕೊಂಡರು. "ನೀನು ಕೆಳಗಿದ್ರೆ ಇವನ್ಯಾರು, ಅವಳ್ಯಾಕೆ ಅಳ್ತಾಳೆ ಅಂತ ಕೇಳಿ ಕೇಳಿ ತಲೆ ತಿಂತಿದ್ದೆ ನಂದೂ. ಅಪ್ಪನೇ ಹೇಳ್ಕೊಟ್ಟಿತ್ತು, ಮುಗಿಯೋ ತನಕ ಬರ್ಲಿಲ್ಲ ಅನ್ನಿ ಅಂತ."

ನಂದಕುಮಾರರಿಗೆ ನಿಜವಾಗಿ ನೋವಾಯಿತು. ಎಂಬತ್ತರ ದಶಕದ ಭಾನುವಾರಗಳನ್ನೆಲ್ಲ ಅವರು ಮಹಡಿಯ ಮೇಲೆ ಕಳೆದಿದ್ದರು. ಅವರು ನೋಡಿದ್ದು ಪಕ್ಕದ ಮನೆಯ ತೆಂಗಿನಮರ, ಒಣಗಿದ ಬಟ್ಟೆ, ಗೂಡಿಗೆ ಹೋಗುವ ಕಾಗೆಗಳು. ಆ ದಶಕದ ಒಂದೇ ಒಂದು ಸಿನಿಮಾದ ಕೊನೆ ಏನಾಯಿತೆಂದು ಅವರಿಗೆ ಇವತ್ತಿಗೂ ಗೊತ್ತಿರಲಿಲ್ಲ.

ವನಿತಾಗೆ ಗಂಡನ ಮುಖ ನೋಡಿ ಪಾಪ ಎನ್ನಿಸಿತು. "ಟೀವಿ ಇರ್ಲಿ ಬಿಡಿ, ಗುಜರಿಗೆ ಬೇಡ" ಎಂದರು ಮೆಲ್ಲಗೆ. "ಇಲ್ಲೇ ಹಾಲ್‌ನಲ್ಲಿ ಇರ್ಲಿ."

ನಂದಕುಮಾರರು ಕೃತಜ್ಞತೆಯಿಂದ ತಲೆಯೆತ್ತಿದರು.

"ಅದರ ತಲೆ ಮೇಲೆ ಸರಿಯಾಗಿ ಎರಡು ಕೊಡ ಕೂರತ್ತೆ" ಎಂದು ಮುಗಿಸಿ, ಅಡುಗೆಮನೆಯಿಂದ ಎರಡು ಪ್ಲಾಸ್ಟಿಕ್ ಕೊಡ ತಂದು ಗಂಡನ ಕೈಗಿಟ್ಟರು. "ತಗೊಳ್ಳಿ. ಪಾರ್ಕಿನ ಹತ್ರ ಬೋರ್‌ವೆಲ್ ಕೊಳಾಯಿ ಇದೆ. ಇನ್ನು ಮೂರು ದಿನ ಅಲ್ಲಿಂದಲೇ ಹೊರಬೇಕು. ಬಂತು ನೋಡಿ, ನಿಮ್ಮ ಎಂಬತ್ತರ ದಶಕ!"

ಪಾರ್ಕಿನ ಹತ್ತಿರ ಇಡೀ ಬೀದಿ ಕೊಡ ಹಿಡಿದು ಸಾಲು ನಿಂತಿತ್ತು. ನರಸಿಂಹಯ್ಯನವರು ನಂದಕುಮಾರರನ್ನು ನೋಡಿ ಬೆರಳಿನಿಂದ ಸಾಲಿನ ಕೊನೆಯನ್ನು ತೋರಿಸಿದರು. ಕೊನೆಯಲ್ಲಿ, ಕಲ್ಲು ಬೆಂಚಿನ ಮೇಲೆ, ಕೊರಳಲ್ಲಿ ಸೇವಂತಿಗೆ ಹಾರ ಹಾಕಿಕೊಂಡೇ ಅಕ್ಕಯ್ಯಮ್ಮ ಕುಳಿತಿದ್ದರು. ಒಂಬತ್ತು ದಶಕ ಕಂಡ ಜೀವ! ತಮ್ಮ ಪರವಾಗಿ ಒಂದು ಮಾತಾದರೂ ಇಲ್ಲಿ ಸಿಕ್ಕೀತು ಎಂದು ನಂದಕುಮಾರರಿಗೆ ಆಸೆಯಾಯಿತು.

"ಅಜ್ಜಿ, ನೀವೇ ಹೇಳಿ. ಯಾವ ಕಾಲ ಚೆನ್ನಾಗಿತ್ತು? ಹಳೇ ಕಾಲ ಅಲ್ವಾ?"

ಅಕ್ಕಯ್ಯಮ್ಮ ಸಾಲನ್ನೊಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ನಂದಕುಮಾರರ ಎರಡು ಕೈಯಲ್ಲಿದ್ದ ಎರಡು ಕೊಡಗಳನ್ನು ನೋಡಿದರು.

"ಅಳೇ ಕಾಲ್ದಲ್ಲಿ ಗಂಡಸ್ರು ನೀರಿಗೆ ಬರ್ತಿರ್ಲಿಲ್ಲ ಕಣಪ್ಪ" ಎಂದರು, ಹಾರ ಸರಿಮಾಡಿಕೊಳ್ಳುತ್ತಾ. "ಇವಾಗ್ಲೇ ಚೆಂದಾಗೈತೆ."