ಉಬ್ಬಸ ಹತ್ತಿದ ಸರ್ವರ್

ಅರ್ಧ ದಿನದ ರಜೆ ಮಂಜೂರಾದ ದಿನವೇ ಆಸ್ಪತ್ರೆಯ ಸರ್ವರಿಗೆ ಉಬ್ಬಸ ಹತ್ತಿಕೊಂಡಿತು.

ಅದೊಂದು ಕಣ್ಣಾಸ್ಪತ್ರೆ. ಅಲ್ಲಿನ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ಎಲ್ಲರೂ ‘ಮೆಷಿನ್ ಡಾಕ್ಟ್ರು’ ಎಂದು ಕರೆಯುತ್ತಿದ್ದರು. ಆವತ್ತು ಮಧ್ಯಾಹ್ನ ಅವನ ಮಗಳು ಶಾಲೆಯ ನಾಟಕದಲ್ಲಿ ಚಂದ್ರನಾಗಿ ಮೊದಲ ಸಲ ವೇದಿಕೆ ಹತ್ತುವವಳಿದ್ದಳು. ಹೋದ ವರ್ಷ ಅವಳ ಓಟದ ಪಂದ್ಯದ ದಿನ ಪ್ರಿಂಟರ್ ಕೆಟ್ಟು ಅವನು ಹೋಗಿರಲಿಲ್ಲ. ಹಾಗಾಗಿ ಬೆಳಿಗ್ಗೆ ತಿಂಡಿ ತಿನ್ನುತ್ತಲೇ ಅವಳು ತೀರ್ಪು ಕೊಟ್ಟಿದ್ದಳು: “ಈ ಸಲಾನೂ ಬರ್ದಿದ್ರೆ ನೀನು ಬರೀ ಅಮ್ಮನ ಗಂಡ. ನನ್ನ ಅಪ್ಪ ಅಲ್ಲ.”

ಅವನು ಬ್ಯಾಗು ಹೆಗಲಿಗೇರಿಸುವಷ್ಟರಲ್ಲಿ ರಿಸೆಪ್ಷನ್ ಅಕ್ಕ ಕೂಗಿಕೊಂಡಳು. “ಮೆಷಿನ್ ಡಾಕ್ಟ್ರೇ, ಹೋಗ್ಬೇಡಿ! ನಿಮ್ಮ ಕಂಪ್ಯೂಟರು ಬಂಡೆ ಥರ ಕೂತ್ಬಿಟ್ಟಿದೆ. ಒಂದು ಚೀಟೀನೂ ಹೊರಗೆ ಬರ್ತಿಲ್ಲ!”

ಹೊರಗೆ ಹಜಾರದಲ್ಲಿ ಜನ ಜಾತ್ರೆಯಾಗಿತ್ತು. ಪಾಪೆ ಅಗಲವಾಗಲೆಂದು ಹನಿ ಹಾಕಿಸಿಕೊಂಡು, ಮಂಜುಗಣ್ಣಾಗಿ ಕೂತವರೇ ಹೆಚ್ಚು. ಯಜಮಾನರೊಬ್ಬರು ಕಂಬಕ್ಕೆ “ಸ್ವಲ್ಪ ಸರೀರಿ ಸ್ವಾಮಿ, ಎಷ್ಟೊತ್ತು ಅಡ್ಡ ನಿಂತಿರ್ತೀರಿ?” ಎಂದು ಗದರುತ್ತಿದ್ದರು.

ಸರ್ವರ್ ಕೋಣೆಯ ಬಾಗಿಲು ತೆಗೆದರೆ ಒಳಗೆ ಫ್ಯಾನುಗಳು ಹಾರಲು ಹೊರಟ ವಿಮಾನದಂತೆ ಬೊಬ್ಬಿಡುತ್ತಿದ್ದವು. ಪರದೆ ನೋಡಿದ. ಒಂದೇ ಒಂದು ಪ್ರೋಗ್ರಾಮು ಪ್ರೊಸೆಸರಿನ ಪೂರ್ತಿ ಸಮಯವನ್ನು ನುಂಗುತ್ತಿತ್ತು. ಊಟಕ್ಕೆ ಕೂತ ಮನೆಮಂದಿಯಲ್ಲಿ ಒಬ್ಬನೇ ಎಲ್ಲರ ತಟ್ಟೆಯನ್ನೂ ತನ್ನ ಮುಂದಕ್ಕೆ ಎಳೆದುಕೊಂಡಂತೆ. ಉಳಿದ ಪ್ರೋಗ್ರಾಮುಗಳು ಖಾಲಿ ಕೈಯಲ್ಲಿ ಕಾಯುತ್ತಿದ್ದವು.

ಅವನು ಅದನ್ನು ನಿಲ್ಲಿಸಿದ. ಫ್ಯಾನುಗಳು ತಣ್ಣಗಾದವು. ಬ್ಯಾಗಿಗೆ ಕೈ ಹಾಕಿದ. ಮತ್ತೆ ಬೊಬ್ಬೆ! ಯಾವ ಪ್ರೋಗ್ರಾಮು ಸತ್ತರೂ ತಕ್ಷಣ ಎಬ್ಬಿಸಿ ಕೂರಿಸುವ ಕಾವಲು ವ್ಯವಸ್ಥೆಯೊಂದನ್ನು ಹಿಂದೆ ಅವನೇ ಮಾಡಿಟ್ಟಿದ್ದ. ಈಗ ಅದು ರಕ್ತಬೀಜಾಸುರನ ದಾದಿಯಂತೆ ನಿಷ್ಠೆಯಿಂದ ಕೆಲಸ ಮಾಡುತ್ತಿತ್ತು.

ಅಷ್ಟರಲ್ಲಿ ಹಿತೈಷಿಗಳು ನೆರೆದರು.

“ಆಫ್ ಮಾಡಿ ಆನ್ ಮಾಡ್ರೀ. ನಮ್ಮನೆ ಟಿವಿ ಹಾಗೇ ಸರಿಹೋಗೋದು” ಎಂದರು ಮ್ಯಾನೇಜರು. ಅದನ್ನೂ ಮಾಡಿದ್ದಾಯಿತು. ಸರ್ವರ್ ಆಕಳಿಸುತ್ತಾ ಎದ್ದಿತು. ಎಲ್ಲರಿಗಿಂತ ಮೊದಲು ಎದ್ದದ್ದು ಅದೇ ಹೊಟ್ಟೆಬಾಕ.

“ಯಾರದ್ದೋ ದೃಷ್ಟಿ ತಾಗಿರ್ಬೇಕು” ಎಂದಳು ರಿಸೆಪ್ಷನ್ ಅಕ್ಕ.

“ಕಣ್ಣಾಸ್ಪತ್ರೇಲಿ ದೃಷ್ಟಿ ತಾಗೋಷ್ಟು ಕಣ್ಣು ಯಾರಿಗಿದೆಯಕ್ಕಾ?” ಎಂದ ಔಷಧಿ ಅಂಗಡಿಯವನು, ಟೇಬಲ್ ಫ್ಯಾನ್ ಹೊತ್ತು ಒಳಬರುತ್ತಾ. “ಪಾಪ, ಮೈ ಕೆಂಡ ಆಗಿದೆ. ಸ್ವಲ್ಪ ಗಾಳಿ ಕೊಡೋಣ.” ಫ್ಯಾನಿಗೆ ಪ್ಲಗ್ ಬೇಕಲ್ಲ? ಹತ್ತಿರವಿದ್ದ ಒಂದನ್ನು ಕಿತ್ತ. ಅದು ನೆಟ್‌ವರ್ಕಿನದು. ಕುಂಟುತ್ತಿದ್ದ ಆಸ್ಪತ್ರೆ ಪೂರ್ತಿ ಮಕಾಡೆ ಮಲಗಿತು.

ಅದೇ ಗಳಿಗೆಗೆ ಹೆಂಡತಿಯ ಫೋನು. “ಎಲ್ಲಿದ್ದೀರಿ?”

“ದಾರೀಲಿದ್ದೀನಿ ಕಣೇ, ಬಂದೇಬಿಟ್ಟೆ.”

“ರೀ, ಸರ್ವರ್ ಸತ್ತೇಹೋಯ್ತೇನ್ರೀ?” ಎಂದು ಹಿಂದಿನಿಂದ ಮ್ಯಾನೇಜರು ಕಿರುಚಿದರು.

“ದಾರೀಲಿ ಸರ್ವರ್ ಏನ್ ಮಾಡ್ತಿದೆ?” ಎಂದು ಕೇಳಿ ಹೆಂಡತಿ ಫೋನ್ ಇಟ್ಟುಬಿಟ್ಟಳು.

ಅವನು ಎಲ್ಲರನ್ನೂ ಹೊರಗಟ್ಟಿ, ಪ್ಲಗ್ ಸಿಕ್ಕಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕೊಲ್ಲುವುದು ಸಾಕು, ಇದು ಮಾಡುತ್ತಿರುವುದಾದರೂ ಏನು ನೋಡೋಣ ಎಂದುಕೊಂಡ.

ಅದು ರೋಗಿಗಳ ವಯಸ್ಸು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮು. ಇವತ್ತಿನಿಂದ ಒಂದೊಂದೇ ದಿನ ಹಿಂದಕ್ಕೆ ನಡೆದು, ರೋಗಿ ಹುಟ್ಟಿದ ದಿನ ಸಿಕ್ಕಿದ ಕೂಡಲೇ ನಿಲ್ಲಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಸ್ಪತ್ರೆಗೆ ಬರುವವರೆಲ್ಲ ಹುಟ್ಟಿಯೇ ಬಂದಿರುತ್ತಾರೆಂಬ ಧೈರ್ಯದಲ್ಲಿ ಅವನೇ ಬರೆದದ್ದು. ಆದರೆ ಯಾರೋ ಪುಣ್ಯಾತ್ಮರು ಒಬ್ಬ ರೋಗಿಯ ಹುಟ್ಟಿದ ವರ್ಷದ ಜಾಗದಲ್ಲಿ ಮುಂದಿನ ವರ್ಷವನ್ನು ತುಂಬಿದ್ದರು. ಪಾಪದ ಪ್ರೋಗ್ರಾಮು ಹುಡುಕುತ್ತಾ ಹುಡುಕುತ್ತಾ ರಾಜಮಹಾರಾಜರನ್ನು ದಾಟಿ, ಗುಹೆಯಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದವರನ್ನೂ ದಾಟಿ, ಇನ್ನೂ ಹಿಂದಕ್ಕೆ ಓಡುತ್ತಲೇ ಇತ್ತು. ಇನ್ನೂ ಹುಟ್ಟದ ರೋಗಿ ಸಿಗುವುದೆಲ್ಲಿ?

“ಯಾರ್ರೀ ಆ ಮುಠ್ಠಾಳ?” ಮ್ಯಾನೇಜರು ಬಾಗಿಲ ಸಂದಿಯಿಂದ ತಲೆ ತೂರಿಸಿದರು. “ಹೆಸ್ರು ಹೇಳಿ, ಅವನಿಗೆ ನಾನೇ ಗ್ರಹಚಾರ ಬಿಡಿಸ್ತೀನಿ.”

ಅವನು ಕಣ್ಣು ಕಿರಿದು ಮಾಡಿದ, ಪರದೆಗೆ ಮೂಗು ತಾಗಿಸಿದ, ಕೊನೆಗೆ ಅಕ್ಷರ ದೊಡ್ಡದು ಮಾಡಿದ. ರೋಗಿಯ ಹೆಸರು ಅವನದೇ.

ಹೆಂಡತಿಗೆ ಫೋನ್ ಮಾಡಿದ. “ಹೌದು, ನಾನೇ ಆನ್‌ಲೈನಲ್ಲಿ ನಿಮ್ಮ ಹೆಸರಿಗೆ ಬುಕ್ ಮಾಡ್ದೆ” ಎಂದಳು. “ಕಣ್ಣಾಸ್ಪತ್ರೇಲೇ ಬಿದ್ದಿರ್ತೀರಿ, ಕಣ್ಣು ತೋರಿಸ್ಕೊಳ್ಳೋಕೆ ಪುರುಸೊತ್ತಿಲ್ಲ. ಮಗಳನ್ನಾದ್ರೂ ನೆಟ್ಟಗೆ ನೋಡ್ಲಿ ಅಂತ, ಅವಳ ಜಡೆ ಹೆಣೀತಾ ಒಂದೇ ಕೈಯಲ್ಲಿ ಟೈಪ್ ಮಾಡ್ದೆ. ಯಾಕೆ, ಏನಾಯ್ತು?”

“ಏನಿಲ್ಲ ಬಿಡು” ಎಂದ ಅವನು. ಪ್ರೋಗ್ರಾಮು ತನ್ನದು, ಹೆಂಡತಿ ತನ್ನವಳು, ಹುಟ್ಟದವನೂ ತಾನೇ. ಇನ್ನು ಬೈಯುವುದು ಯಾರನ್ನು?

ವರ್ಷ ತಿದ್ದಿದ. ಸರ್ವರ್ ನಿರಾಳವಾಗಿ ಉಸಿರು ಬಿಟ್ಟಿತು. ಹಜಾರದಲ್ಲಿ ಚಪ್ಪಾಳೆ. ಟೋಕನ್ ಬೋರ್ಡು ಟಣ್ಣೆಂದು ಮೊದಲಿಗೆ ಕರೆದದ್ದು, ಇಷ್ಟು ಹೊತ್ತು ಸಿಕ್ಕಿಹಾಕಿಕೊಂಡಿದ್ದ ಅವನದೇ ಸರದಿಯನ್ನು.

“ಬನ್ನಿ ಬನ್ನಿ!” ದೊಡ್ಡ ಡಾಕ್ಟರೇ ಎದ್ದು ಬಂದು ಅವನ ಭುಜ ಹಿಡಿದರು. “ನಮ್ಮ ಮಾನ ಉಳಿಸಿದ್ರಿ. ನಿಮ್ಮ ಕಣ್ಣು ನಾನೇ ನೋಡ್ತೀನಿ.”

“ಸಾರ್, ಮಗಳ ನಾಟಕ…”

“ಇದೋ, ಮುಗಿದೇಹೋಯ್ತು. ತಲೆ ಹಿಂದಕ್ಕೆ ಹಾಕಿ.” ಅವನು ಬೇಡವೆನ್ನುವುದರೊಳಗೆ ಎರಡೂ ಕಣ್ಣಿಗೆ ಹನಿ ಬಿದ್ದಾಗಿತ್ತು.

ಶಾಲೆಗೆ ಅವನು ಸರಿಯಾದ ಸಮಯಕ್ಕೇ ಮುಟ್ಟಿದ. ಆದರೆ ವೇದಿಕೆಯೆಂಬುದು ಹಾಲಿನಲ್ಲಿ ಅದ್ದಿ ತೆಗೆದ ದೀಪದಂತಿತ್ತು. ಬೆಳಕು ಚುಚ್ಚಿ ಕಣ್ಣಲ್ಲಿ ಧಾರಾಕಾರ ನೀರು. ನಡುವೆ ದುಂಡಗೆ, ಬೆಳ್ಳಗೆ ಏನೋ ತೇಲಿ ಬಂದಾಗ ಅವನು ಎದ್ದು ನಿಂತು, ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದ. ಪಕ್ಕದ ಟೀಚರು ಹೆಂಡತಿಯ ಕಿವಿಯಲ್ಲಿ, “ಎಂಥ ಅಪ್ಪ ರೀ! ಅಳ್ತಾನೇ ಇದ್ದಾರೆ” ಎಂದರು. ಹೆಂಡತಿ ಕರಗಿ ಅವನ ಕೈ ಹಿಡಿದುಕೊಂಡಳು.

ನಾಟಕ ಮುಗಿದು ಮಗಳು ಓಡಿಬಂದಳು. ಮುಖ ಕಾಣದಿದ್ದರೂ ಅಪ್ಪುಗೆಯ ಬಿಗಿಯಿಂದ ಅವಳೇ ಎಂದು ಗೊತ್ತಾಯಿತು.

“ನಾನು ಹೇಗೆ ಮಾಡ್ದೆ ಅಪ್ಪಾ?”

“ಅಯ್ಯೋ ಕಂದ, ಥೇಟ್ ಹುಣ್ಣಿಮೆ ಚಂದ್ರ! ಕಣ್ಣು ಕೋರೈಸ್ತಿತ್ತು.”

ಅಪ್ಪುಗೆ ನಿಧಾನವಾಗಿ ಸಡಿಲಾಯಿತು.

“ಅಮ್ಮಾ, ನಿನ್ನ ಗಂಡನ್ನ ನೋಡು” ಎಂದಳು ಮಗಳು. “ಚಂದ್ರನ ಪಾತ್ರ ಕೊನೇಲಿ ಬೇರೆಯವಳಿಗೆ ಕೊಟ್ಬಿಟ್ರು. ನಾನು ಕತ್ತಲೆ ಆಗಿದ್ದೆ.”