ಡೇಲಿಯಮ್ಮನ ಕಂಬಳಿ

ಮರುಳಪ್ಪನ ಭಾನುವಾರವನ್ನು ಹಾಳು ಮಾಡಿದ್ದು ಒಂದು ವಾಟ್ಸಾಪ್ ಸಂದೇಶ. ಬೆಳಿಗ್ಗೆ ಏಳಕ್ಕೆ, ಬ್ರಷ್ಷು ಇನ್ನೂ ಬಾಯಲ್ಲಿರುವಾಗಲೇ ಅದು ಬಂತು. "ಎಚ್ಚರ! ಇಂದು ರಾತ್ರಿ ನಮ್ಮ ಭಾಗದಲ್ಲಿ ಹಿಮ ಬೀಳಲಿದೆ. ಎಳೆಯ ಸಸಿಗಳು ಸುಟ್ಟು ಕರಕಲಾಗುತ್ತವೆ. ಕೂಡಲೇ ಹತ್ತು ಜನಕ್ಕೆ ಕಳಿಸಿ."

ಹರಪನಹಳ್ಳಿಯಲ್ಲಿ ಹುಟ್ಟಿ ಬೆಳೆದವರು ಹಿಮವನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಅಲ್ಲದೆ ಶಿವರಾತ್ರಿ ಕಳೆದು ಹತ್ತು ದಿನವಾಗಿತ್ತು. ಚಳಿ ಶಿವಶಿವಾ ಎಂದು ಓಡಿಹೋಗಿರಬೇಕಾದ ಕಾಲ. ಈ ವರ್ಷ ಮಾತ್ರ ಅದು ಚಪ್ಪಲಿ ಮರೆತುಹೋದ ನೆಂಟನ ಹಾಗೆ ತಿರುಗಿ ಬಂದಿತ್ತು. ಎರಡು ದಿನದಿಂದ ಬೆಳಗಿನ ಹೊತ್ತು ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು.

ಬೇರೆ ದಿನವಾಗಿದ್ದರೆ ಮರುಳಪ್ಪ ಸಂದೇಶವನ್ನು ಹತ್ತು ಜನಕ್ಕೆ ಕಳಿಸಿ ಬಾಯಿ ಮುಕ್ಕಳಿಸುತ್ತಿದ್ದ. ಆದರೆ ಅವನ ಬಾಡಿಗೆ ಮನೆಯ ಕಟ್ಟೆಯ ಮೇಲೆ ಆರು ಕುಂಡಗಳಿದ್ದವು. ಆರರಲ್ಲೂ ಗೇಣುದ್ದದ ಡೇಲಿಯಾ ಗಿಡ. ಅವು ಸತ್ತರೆ ಅವನ ಸಂಸಾರಕ್ಕೂ ಎಳ್ಳುನೀರು ಬಿಟ್ಟ ಹಾಗೆಯೇ.

ವಿಷಯ ಇಷ್ಟೇ. ಮರುಳಪ್ಪ ಅದೇ ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಇಲಾಖೆ ಅನ್ನುವುದು ಬೇಡ, ಫೈಲು ಎಲ್ಲ ಕಡೆಯೂ ಒಂದೇ ವೇಗದಲ್ಲಿ ನಡೆಯುತ್ತದೆ. ಹೆಂಡತಿ ಮಾಲಾ ಕೂಡ್ಲಿಗಿಯಲ್ಲಿ ನರ್ಸು. ಮೂರು ವರ್ಷದಿಂದ ಅವನು ಶನಿವಾರ ಸಂಜೆ ಬಸ್ಸು ಹತ್ತಿ ಹೋಗುವುದು, ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಬರುವುದು. ಎರಡು ವರ್ಷದ ಮಗಳು ಅವನನ್ನು "ಮಾಮಾ" ಎನ್ನತೊಡಗಿದ್ದಳು. ಅಪ್ಪ ಅನ್ನು ಎಂದು ತಿದ್ದಿದರೆ ಅಡುಗೆಮನೆಗೆ ಓಡಿ, "ಅಮ್ಮಾ, ಮಾಮಾ ಬೈತಾನ" ಎಂದು ದೂರು ಕೊಡುತ್ತಿದ್ದಳು. ಈ ಕತೆ ಕೇಳಿ ಕಚೇರಿಯವರೆಲ್ಲ ನಗುತ್ತಿದ್ದರು. ಮರುಳಪ್ಪನೂ ನಗುತ್ತಿದ್ದ, ನಕ್ಕು ಮತ್ತೊಂದು ವರ್ಗಾವಣೆ ಅರ್ಜಿ ಬರೆಯುತ್ತಿದ್ದ.

ಈಗ ಕೂಡ್ಲಿಗಿಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅದನ್ನು ಕೇಳಿದವರು ಇಬ್ಬರು. ಒಬ್ಬ ಮರುಳಪ್ಪ, ಇನ್ನೊಬ್ಬ ಪಕ್ಕದ ಮೇಜಿನ ಬಸವೇಶ್. ಬಸವೇಶನ ಮಾವನ ಮನೆ ಕೂಡ್ಲಿಗಿ. ಅಲ್ಲಿ ಬಾಡಿಗೆ ಇಲ್ಲ, ಅತ್ತೆಯ ಕೈ ರುಚಿ ಬೇರೆ. ಇಬ್ಬರಲ್ಲಿ ಒಬ್ಬರ ಹೆಸರು ಬರೆಯಬೇಕಾದವರು ಅಧಿಕಾರಿ ಯಶೋಧಾ ಮೇಡಂ. ಮೈಸೂರು ಕಡೆಯವರು, ಸಿಬ್ಬಂದಿಗಿಂತ ಗಿಡಗಳ ಜತೆ ಹೆಚ್ಚು ಮಾತಾಡುವವರು. ಶನಿವಾರ ದಾವಣಗೆರೆಗೆ ಮದುವೆಗೆ ಹೊರಡುವ ಮುನ್ನ, ಊಟಿಯಿಂದ ಗೆಡ್ಡೆ ತಂದು ಬೆಳೆಸಿದ ಹನ್ನೆರಡು ಗಿಡಗಳನ್ನು ಇಬ್ಬರಿಗೂ ಆರಾರು ಹಂಚಿದ್ದರು.

"ಮಗು ಥರ ನೋಡ್ಕೊಳ್ಳಿ. ಸೋಮವಾರ ಬೆಳಿಗ್ಗೆ ಬಂದು ನೋಡ್ತೀನಿ. ಯಾರ ಹೆಸರು ಬರೀಬೇಕು ಅಂತ ಆಗ ತೀರ್ಮಾನ" ಎಂದಿದ್ದರು.

ಹಾಗಾಗಿ ಈ ವಾರ ಮರುಳಪ್ಪ ಕೂಡ್ಲಿಗಿಗೇ ಹೋಗಿರಲಿಲ್ಲ. ಮಾಲಾ ಫೋನಿನಲ್ಲಿ, "ಮಗಳನ್ನ ನೋಡೋದು ಬಿಟ್ಟು ಗಿಡ ಕಾಯಾಕತ್ತೀರಿ. ಆರ್ಡರ್ ಕೈಯಾಗ ಇಲ್ದ ಬಂದ್ರ ನಾನೂ ಮಾಮಾ ಅಂತ್ನಿ ನೋಡ್ರಿ" ಎಂದು ಕಟ್ ಮಾಡಿದ್ದಳು.

ಸಂದೇಶ ಹಿಡಿದು ಅವನು ಮೊದಲು ಓಡಿದ್ದು ಮನೆಯೊಡತಿ ಚೌಡಕ್ಕನ ಹತ್ತಿರ. ಅವಳಿರುವುದು ಅದೇ ಮನೆಯ ಹಿಂಭಾಗದಲ್ಲಿ.

"ಚಳಿಗಿ ಏನು ಹೊದಿಸ್ತಾರ? ಕಂಬಳಿ ಹೊದಿಸ್ತಾರ. ಅದಕ್ಯಾಕ ಫೋನ್ ತಿಕ್ಕಂತ ಕುಂತಿ?" ಎಂದಳು ಚೌಡಕ್ಕ.

ಕಂಬಳಿ ಇದ್ದದ್ದು ಎದುರುಮನೆಯ ಕುರಿ ಸಾಕುವ ಹುಲುಗಣ್ಣನ ಹತ್ತಿರ. ಅವನು ಟ್ರಂಕಿನಿಂದ ಮೂರು ಕರಿ ಕಂಬಳಿ ತೆಗೆದು, ಕೊಡಲೋ ಬೇಡವೋ ಎಂದು ಐದು ನಿಮಿಷ ಸವರಿದ. "ನಮ್ಮಜ್ಜನ ಕಾಲದವು ಇವು. ದೇವ್ರು ಮಾಡಿದಾಗ ಗದ್ದಿಗಿಗಿ ಹಾಸೋವು. ನೆಲಕ್ಕ ಗಿಲಕ್ಕ ತಗಲಿಸೀಯ ಮತ್ತ." ಮರುಳಪ್ಪ ಎರಡೂ ಕೈಯಲ್ಲಿ ಈಸಿಕೊಂಡ. ಎಳೆಗಿಡ ಬಾಗದಿರಲೆಂದು ಕುಂಡಕ್ಕೊಂದು ಕೋಲು ನೆಟ್ಟು, ಕಟ್ಟೆಯ ಉದ್ದಕ್ಕೂ ಕಂಬಳಿ ಇಳಿಬಿಟ್ಟ. ಹುಲುಗಣ್ಣ ಬಂದು ನೋಡಿ ತಲೆಯಾಡಿಸಿದ.

"ಸಾಲಂಗಿಲ್ಲ. ಕೋಳಿಮರಿಗಿ ಬಲ್ಬು ಹಾಕಂಗಿಲ್ಲೇನು? ಹಂಗ ಒಳಗೊಂದು ಬಲ್ಬು ಇಳಿಬಿಡು."

ಬಲ್ಬು ಇಳಿಯಿತು. ಆಗ ಚೌಡಕ್ಕನಿಗೆ ತಾನು ಹೇಳಿದ್ದಕ್ಕಿಂತ ಹುಲುಗಣ್ಣ ಹೇಳಿದ್ದು ಜೋರಾಯಿತೆಂದು ಅನ್ನಿಸಿತು. "ಹೊಗಿ ಇಲ್ದ ಚಳಿ ಎಲ್ಲಿ ಹೋಗತೈತಿ?" ಎಂದು ಹಳೇ ಡಬ್ಬಿಯಲ್ಲಿ ಕುಳ್ಳಿಗೆ ಬೆಂಕಿ ಹಾಕಿ ತಂದಿಟ್ಟಳು. ಆ ಹೊಗೆ ಮೊದಲು ಹೋಗಿದ್ದು ಅವಳ ಅಡುಗೆಮನೆಗೇ. ಸಗಣಿ ವಾಸನೆ ತಡೆಯದೆ ಅವಳೇ ಒಂದು ಹಿಡಿ ಲೋಬಾನ ತಂದು ಬೆಂಕಿಗೆ ಸುರಿದಳು.

ನಾಲ್ಕು ಗಂಟೆಗೆ ಬಸವೇಶ್ ಬೈಕಿನಲ್ಲಿ ಬಂದವನು ಕಟ್ಟೆ ನೋಡಿ ಇಳಿಯುವುದನ್ನೇ ಮರೆತ.

"ಏನ್ಲೇ ಇದು? ಗಿಡಕ್ಕ ಬಾಣಂತನ ಮಾಡಾಕತ್ತೀಯ?"

"ಹಿಮ ಬೀಳತೈತಂತ ಮಾರಾಯ. ನಿನ್ನ ಗಿಡ ಹೆಂಗದಾವ?"

"ಹಿತ್ತಲದಾಗ ಅದಾವ. ಸಸಿ ಹುಟ್ಟಿಸಿದ ದೇವ್ರು ಚಾದರ ಹೊದಿಸಂಗಿಲ್ಲೇನು? ನಾ ಮಿರ್ಚಿ ತಿನ್ನಾಕ ಹೊಂಟೀನಿ, ಬರ್ತೀಯೇನು?"

ಮರುಳಪ್ಪ ಹೋಗಲಿಲ್ಲ. ಬಸವೇಶನ ಗಿಡಗಳು ಇನ್ನು ಬದುಕಲಾರವು ಎಂದು ಅವನಿಗೆ ಖಾತ್ರಿಯಾಯಿತು. ಗೆಳೆಯನ ವಿಷಯದಲ್ಲಿ ಇಷ್ಟು ಸಂತೋಷಪಡಬಾರದಿತ್ತು, ಆದರೂ ಪಟ್ಟ.

ಹೊತ್ತು ಮುಳುಗುವಾಗ ಹಾಲು ಕೊಡಲು ಬಂದ ಭರಮಮ್ಮ ಬೀದಿಯಲ್ಲೇ ನಿಂತುಬಿಟ್ಟಳು. ಕಟ್ಟೆಯ ಮೇಲೆ ಗದ್ದುಗೆಯ ಕರಿ ಕಂಬಳಿ. ಅದರೊಳಗಿಂದ ಮಿಣುಕುವ ಬೆಳಕು. ಸುತ್ತ ಲೋಬಾನದ ಹೊಗೆ. ಮುಂದೆ ಮೊಣಕಾಲೂರಿ ತಲೆ ಬಾಗಿಸಿದ ಮರುಳಪ್ಪ. ಅವನು ಬೆಂಕಿ ಊದುತ್ತಿದ್ದ, ಆದರೆ ಹಿಂದಿನಿಂದ ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು? ಭರಮಮ್ಮ ಚಪ್ಪಲಿ ಬಿಟ್ಟಳು.

"ಯಾವ ದೇವ್ರಪಾ ತಮ್ಮಾ?"

ಉತ್ತರ ಕೊಡಲು ಬಾಯಿ ತೆರೆದದ್ದೇ ತಡ, ಹೊಗೆ ಒಳಗೆ ಹೋಗಿ ಮರುಳಪ್ಪನಿಗೆ ಕೆಮ್ಮು ಹತ್ತಿತು. ಕಣ್ಣು ಕೆಂಪಾಯಿತು, ಮೈ ಅದುರಿತು. ಭರಮಮ್ಮ ಹಾಲಿನ ಕ್ಯಾನು ಅಲ್ಲೇ ಬಿಟ್ಟು, "ಮೈಮ್ಯಾಲ ಬಂದೈತಿ! ಬರ್ರೆವ್ವಾ!" ಎಂದು ಕೂಗುತ್ತ ಓಡಿದಳು.

ಕಾಲು ಗಂಟೆಯಲ್ಲಿ ಓಣಿಗೆ ಓಣಿಯೇ ನೆರೆಯಿತು. ಅರಿಶಿನ ಬಂತು, ಕುಂಕುಮ ಬಂತು, ಊದುಬತ್ತಿ ಬಂತು. ಯಾರೋ ಒಬ್ಬರು ಹರಕೆಯ ಹುಂಜವನ್ನೂ ಕಂಕುಳಲ್ಲಿ ತಂದಿದ್ದರು. ಅದು ಎಲ್ಲರಿಗಿಂತ ಗಾಬರಿಯಾಗಿತ್ತು.

"ಒಳಗ ಬರೇ ಗಿಡ ಅದಾವ್ರೀ!" ಎಂದು ಮರುಳಪ್ಪ ಕೈಮುಗಿದ.

"ಗಿಡದಾಗ ದೇವ್ರಿರಂಗಿಲ್ಲೇನಪ್ಪ? ಬನ್ನಿಗಿಡಕ್ಕ ಪೂಜಿ ಮಾಡಂಗಿಲ್ಲೇನು?" ಎಂದಳು ಭರಮಮ್ಮ.

ಅಷ್ಟರಲ್ಲಿ ಒಬ್ಬಾಕೆ ಕಂಬಳಿಯ ಅಂಚೆತ್ತಿ ಒಳಗೆ ಕುಂಕುಮ ಎರಚಿದಳು. ಇನ್ನೊಬ್ಬಳು ತಂಬಿಗೆ ತುಂಬ ಬಿಸಿ ಹಾಲನ್ನು ಸುರಿಯಲು ಬಗ್ಗಿದಳು. ಹಿಮಕ್ಕಾದರೂ ರಾತ್ರಿಯವರೆಗೆ ಸಮಯವಿತ್ತು, ಭಕ್ತಿ ಈಗಲೇ ಬಂದು ನಿಂತಿತ್ತು. ಮನುಷ್ಯನ ಮಾತು ಇಲ್ಲಿ ನಡೆಯುವುದಿಲ್ಲ ಎಂದು ಅವನಿಗೆ ಹೊಳೆಯಿತು. ಎದ್ದು ನಿಂತು ತಲೆಗೂದಲು ಕೆದರಿಕೊಂಡ.

"ಡೇಲಿಯಮ್ಮನ ಅಪ್ಪಣಿ ಆಗೈತಿ!" ಎಂದು ಗುಡುಗಿದ. "ಹತ್ತು ಮಾರು ದೂರ ನಿಂದರ್ರಿ! ಹಾಲು ಬ್ಯಾಡ, ನೀರು ಬ್ಯಾಡ, ಕುಂಕುಮ ಬ್ಯಾಡ! ಮುಟ್ಟಿದ್ರ ಸುಮ್ನ ಬಿಡಂಗಿಲ್ಲ!"

ಹಾಲಿನ ತಂಬಿಗೆ ಹಿಂದೆ ಸರಿಯಿತು.

"ಎಲ್ಲೀ ದೇವ್ರು?" ಎಂದು ಹಿಂದಿನಿಂದ ಒಂದು ಪ್ರಶ್ನೆ ಬಂತು.

"ಊಟಿ ಕಡೀದು."

"ಅದಕ ಬರಬೇಕಾದ್ರ ಚಳಿ ಕಟ್ಟಿಕೊಂಡು ಬಂದಾಳ!" ಎಂದವನು ಹುಲುಗಣ್ಣ. ಕುಂಡಗಳನ್ನು ಕಣ್ಣಾರೆ ನೋಡಿ, ಕೈಯಾರೆ ಕಂಬಳಿ ಕೊಟ್ಟವನು ಕೂಡ ಈಗ ಕೈ ಮುಗಿದು ನಿಂತಿದ್ದ. ನಂಬಿ ಕೆಟ್ಟವರಿಲ್ಲ, ನಂಬದೆ ಯಾಕೆ ಕೆಡಬೇಕು ಎಂಬುದು ಅವನ ಲೆಕ್ಕ. ಓಣಿಯವರೆಲ್ಲ ಹತ್ತು ಮಾರು ದೂರದಿಂದಲೇ ಕಣ್ಣು ಮುಚ್ಚಿ, ಬೋರಿಗೆ ನೀರು, ಮಗಳಿಗೆ ಗಂಡು ಎಂದು ತಮ್ಮ ತಮ್ಮ ಬೇಡಿಕೆ ಸಲ್ಲಿಸಿ ಮನೆಗೆ ಹೋದರು. ಮರುಳಪ್ಪ ತಾನು ಹೊದೆಯುವ ರಗ್ಗನ್ನೂ ಕುಂಡಗಳ ಮೇಲೆ ಹೊದಿಸಿ, ಒಂದು ಲುಂಗಿ ಸುತ್ತಿಕೊಂಡು ಮಲಗಿದ.

ಹಿಮ ಬೀಳಲಿಲ್ಲ. ಬೆಳಿಗ್ಗೆ ಏಳೂವರೆಗೆ ಮೇಡಂ ಕಾರು ಬಂದು ಕಟ್ಟೆಯ ಮುಂದೆ ನಿಂತಿತು. ಮರುಳಪ್ಪ ಸೀನುತ್ತಲೇ ಓಡಿಬಂದು ಕಂಬಳಿ ಎಳೆದ. ಆರಕ್ಕೆ ಆರೂ ಗಿಡ ಹಸಿರಾಗಿ ನೆಟ್ಟಗೆ ನಿಂತಿದ್ದವು. ಒಂದರ ಹಣೆಗೆ ಕುಂಕುಮ ಬಿಟ್ಟರೆ ಬೇರೇನೂ ಆಗಿರಲಿಲ್ಲ. ಮರುಳಪ್ಪನಿಗೆ ಅಳುವೇ ಬಂದುಬಿಟ್ಟಿತು.

"ಒಂದೆಲೆ ಕೂಡ ಬಾಡಿಲ್ಲ!" ಮೇಡಂ ಕಣ್ಣಲ್ಲೂ ನೀರು. "ಬಸವೇಶ್ ಮನೆಗೆ ಮೊದಲು ಹೋಗಿದ್ದೆ. ಆರೂ ಗಿಡ ಮೇಕೆ ತಿಂದು ಹೋಗಿದೆ. ಆ ಮನುಷ್ಯ ಇನ್ನೂ ಮಲಗಿದ್ರು!"

ಮರುಳಪ್ಪನಿಗೆ ಕೂಡ್ಲಿಗಿಯ ಬಸ್‌ಸ್ಟ್ಯಾಂಡು ಕಣ್ಣ ಮುಂದೆ ಬಂತು. ದಿನಾ ಸಂಜೆ ಐದೂವರೆಗೆಲ್ಲ ಮನೆ, ಮಗಳು, ಬಿಸಿ ರೊಟ್ಟಿ. ಧೈರ್ಯ ಮಾಡಿ ಕೇಳಿಯೇಬಿಟ್ಟ.

"ಹಂಗಾದ್ರ... ಹೆಸರು, ಮೇಡಂ?"

"ಕಾರಲ್ಲೇ ಬರೆದುಬಿಟ್ಟೆ. ಬಸವೇಶ್ ಅಂತ."

"ಬಸವೇಶ್?"

"ಮತ್ತಿನ್ನೇನು? ಆರು ಗಿಡ ನೋಡ್ಕೊಳ್ಳೋಕಾಗದವರನ್ನ ಆಫೀಸಲ್ಲಿ ಇಟ್ಕೊಂಡು ನಾನೇನ್ ಮಾಡ್ಲಿ? ಕೂಡ್ಲಿಗಿಯವರು ಅನುಭವಿಸ್ಲಿ. ನಿಮ್ಮಂಥವರನ್ನ ಕಳಿಸಿಬಿಟ್ರೆ ನನ್ನ ಗತಿ ಏನು? ನಾನಿರೋವರೆಗೂ ನಿಮ್ಮನ್ನ ಯಾರೂ ಇಲ್ಲಿಂದ ಕದಲಿಸೋಕಾಗಲ್ಲ ಮರುಳಪ್ಪ. ನನ್ನ ಮಾತಿದು."

ಮರುಳಪ್ಪ ಕಟ್ಟೆಯ ಮೇಲೆ, ಕುಂಡಗಳ ಪಕ್ಕದಲ್ಲಿ ಏಳನೆಯದಾಗಿ ಕುಸಿದು ಕೂತ. ಬೆನ್ನ ಹಿಂದೆ ಟಪ್ಪೆಂದು ತೆಂಗಿನಕಾಯಿ ಒಡೆದ ಸದ್ದಾಯಿತು. ಚೌಡಕ್ಕ ಕಣ್ಣಿಗೆ ಸೆರಗೊತ್ತಿಕೊಳ್ಳುತ್ತಿದ್ದಳು.

"ಡೇಲಿಯಮ್ಮ ಸತ್ಯದಾಕಿ! ಇಂಥಾ ಬಾಡಿಗಿಯವ್ನು ಮತ್ತ ಸಿಗಂಗಿಲ್ಲ, ಇವ ಊರು ಬಿಟ್ಟು ಹೋಗದಂಗ ಮಾಡವ್ವಾ ಅಂತ ನಿನ್ನಿ ಬೇಡ್ಕೊಂಡಿದ್ನಿ. ಬೆಳಗಾಗದ್ರಾಗ ಕೊಟ್ಟಾಳ ನೋಡು!"

ಒಂದು ಹೋಳನ್ನು ಅವಳು ದೇವಿಯ ಮುಂದಿಟ್ಟಳು. ಇನ್ನೊಂದನ್ನು ಪೂಜಾರಿಯ ಪಾಲೆಂದು ಮರುಳಪ್ಪನ ಕೈಗಿಟ್ಟಳು.